ಹಾಲೆಗದ್ದೆ ಸೇತುವೆಯ ಖಾತೆದಾರ

ಮೂರು ವರ್ಷದ ಹಿಂದೆ, ಆಗಸ್ಟ್ ತಿಂಗಳ ಮಳೆಗೆ, ಹಾಲೆಗದ್ದೆ ಹೊಳೆಯ ಕಲ್ಲು ಸೇತುವೆಯ ಎಡಗಡೆ ತಡೆಗೋಡೆ ಕೊಚ್ಚಿಹೋಯಿತು. ಅದನ್ನು ಕಟ್ಟಿಸಿಕೊಡಿ ಎಂದು ಹೊಳೆಯಾಚೆಯ ನಲವತ್ತೊಂದು ಮನೆಯವರು ಐದು ಕಚೇರಿಗೆ ಅರ್ಜಿ ಕೊಟ್ಟರು. ಐದು ಕಚೇರಿಯವರೂ ಸೇತುವೆ ತಮ್ಮದಲ್ಲ ಎಂದು ಉತ್ತರ ಬರೆದರು. ಐದನೆಯ ಉತ್ತರ ಬಂದ ವಾರ, ಬೆಟ್ಟಮ್ಮನ ಗಂಡ ರಾಮಯ್ಯ ಎಸ್ಟೇಟಿನ ಕೆಲಸ ಮುಗಿಸಿ ಮನೆಗೆ ಬರುವಾಗ ಗೋಡೆಯಿಲ್ಲದ ಕಡೆಯಿಂದ ಹೊಳೆಗೆ ಬಿದ್ದು ಸತ್ತರು. ಪಂಚನಾಮೆಯಲ್ಲಿ 'ಸ್ಥಳದ ಮಾಲೀಕರು' ಎಂಬಲ್ಲಿ ಒಂದು ಅಡ್ಡಗೆರೆ ಎಳೆದರು.

ಈ ಯಾವುದೂ ಬಾಳ್ಳುಪೇಟೆಯ ಮಹಾದೇವಯ್ಯನವರಿಗೆ ಗೊತ್ತಿರಲಿಲ್ಲ. ಅವರು ಹೆದ್ದಾರಿ ಬದಿಯಲ್ಲಿ ಟಾರ್ಪಾಲು, ಗೋಣಿಚೀಲ, ನೈಲಾನ್ ಹಗ್ಗ ಮಾರಿಕೊಂಡು ತಮ್ಮ ಪಾಡಿಗೆ ತಾವಿದ್ದವರು. ಕೆಟ್ಟವರಲ್ಲ. ಇದ್ದದ್ದು ಒಂದೇ ತೊಂದರೆ. ಎದುರಿಗೆ ಕೂತವರು ತಮ್ಮದೊಂದು ಹೇಳಿದರೆ ಇವರಿಗೆ ತಮ್ಮದೂ ಒಂದು ಹೇಳದೆ ತಡೆಯುತ್ತಿರಲಿಲ್ಲ. ಒಮ್ಮೆ ಗಿರಾಕಿಯೊಬ್ಬರು ಮಂಡಿನೋವು ಅಂದದ್ದಕ್ಕೆ "ನಂಗೂ ಐತೆ ಕಣ್ರೀ, ಬಲಗಾಲು" ಅಂದುಬಿಟ್ಟು, ಆ ಗಿರಾಕಿ ಊರಲ್ಲಿದ್ದ ಒಂದು ವಾರವೂ ಬಿಡದೆ ಕುಂಟಿದರು. ಎಂಟನೇ ದಿನ ಕಾಲು ನಿಜವಾಗಿಯೇ ನೋಯತೊಡಗಿ ಸಕಲೇಶಪುರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದರು. ಸುಳ್ಳು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ಹೇಳುತ್ತಾರೆ, ಮರೆಯುತ್ತಾರೆ, ಗೆದ್ದು ಬರುತ್ತಾರೆ. ಹೇಳಿದ ಸುಳ್ಳಿನ ಜೊತೆ ನಿಯತ್ತಾಗಿ ಸಂಸಾರ ಮಾಡಿದವರು ಮಹಾದೇವಯ್ಯ ಒಬ್ಬರೇ.

ಅವರ ಮಗಳು ಪುಷ್ಪಾ ಆಲೂರಿನ ಶಾಲೆಯೊಂದರಲ್ಲಿ ಗಣಿತದ ಟೀಚರು. ಹಾಸನದ ಬ್ಯಾಂಕಿನಲ್ಲಿದ್ದ ಮಹೇಶ್ ಎಂಬ ಹುಡುಗನನ್ನು ಒಪ್ಪಿದ್ದಳು. ಹುಡುಗನೂ ಒಪ್ಪಿದ್ದ. ಹಿರಿಯರು ಒಬ್ಬರನ್ನೊಬ್ಬರು ಒಪ್ಪುವುದಷ್ಟೇ ಬಾಕಿ. ಅದಕ್ಕೆಂದು ಮಹೇಶನ ಅಪ್ಪ, ತಿಪಟೂರಿನ ಕೊಬ್ಬರಿ ಮಂಡಿ ಗುರುಶಾಂತಪ್ಪನವರು, ಜನವರಿಯ ಒಂದು ಶನಿವಾರ ಮನೆ ನೋಡಲು ಬಂದರು. ಮನೆ ಹತ್ತು ನಿಮಿಷಕ್ಕೆ ಮುಗಿಯಿತು. ಭಾನುವಾರ "ನಿಮ್ ಕಡೆ ಬೆಟ್ಟ ಹೊಳೆ ಎಲ್ಲಾ ತೋರ್ಸಿ ಬೀಗ್ರೇ" ಅಂದರು. ಎಲ್ಲರೂ ಅವರ ಕಾರಿನಲ್ಲೇ ಹೊರಟರು.

ಬಾಳ್ಳುಪೇಟೆಯಿಂದ ಸಕಲೇಶಪುರ ಮುಟ್ಟುವಷ್ಟರಲ್ಲಿ ಗುರುಶಾಂತಪ್ಪನವರ ವಂಶದ ಹಿರಿಯರು ತಿಪಟೂರು ತಾಲೂಕನ್ನು ಬಹುಮಟ್ಟಿಗೆ ಕಟ್ಟಿ ಮುಗಿಸಿದ್ದರು. ದಾರಿಯಲ್ಲಿ ಕೆರೆ ಕಂಡರೆ, "ಇದರ ಎರಡರಷ್ಟಿನದು ನಮ್ಮಜ್ಜ ಕಟ್ಸಿದ್ರು." ಶಾಲೆ ಕಂಡರೆ, "ನಮ್ ದೊಡ್ಡಪ್ಪ ಜಾಗ ಬುಟ್ಕೊಟ್ಟಿದ್ದು." ರಸ್ತೆ ಬದಿ ಒಂದು ನೀರಿನ ಟ್ಯಾಂಕಿ ಕಂಡಾಗ ಅವರು ಬಾಯಿ ತೆಗೆಯುವ ಮುಂಚೆಯೇ ಮಹೇಶ್, "ಅದು ನಮ್ಮ ಸೋದರಮಾವ," ಎಂದು ಪುಷ್ಪಾಗೆ ಪಿಸುಗುಟ್ಟಿದ. ಮಹಾದೇವಯ್ಯ ಮುಂದಿನ ಸೀಟಿನಲ್ಲಿ ಕೈ ಹಿಸುಕಿಕೊಳ್ಳುತ್ತ ಕೂತಿದ್ದರು. ಅವರ ವಂಶದಲ್ಲಿ ಯಾರೂ ಏನನ್ನೂ ಕಟ್ಟಿಸಿರಲಿಲ್ಲ. ಹೇಮಾವತಿ ದಾಟುವಾಗ ಗುರುಶಾಂತಪ್ಪ ನಿಟ್ಟುಸಿರಿಟ್ಟರು.

"ನಮ್ ಕಡೆ ಇಂಥಾ ಹೊಳೆ ಇಲ್ಲ ಬೀಗ್ರೇ. ಇದ್ದಿದ್ರೆ ನಮ್ಮೋರು ಸೇತ್ವೆನೂ ಕಟ್ಸಿರೋರು."

ಮಹಾದೇವಯ್ಯನವರಿಗೆ ಕಂಡ ಒಂದೇ ಒಂದು ಸಂದು ಅದು.

ಯಸಳೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಹಾಲೆಗದ್ದೆ. ಅಲ್ಲೊಂದು ಹಳೇ ಸೇತುವೆ ಇದೆ, ರೀಲ್ಸ್‌ನಲ್ಲಿ ನೋಡಿದ್ದೆ ಎಂದು ದಾರಿ ಹೇಳಿದವನು ಮಹೇಶ್. ಮೂರು ಕಮಾನಿನ ಕಲ್ಲು ಸೇತುವೆ. ಕಾಫಿ ಮೂಟೆಯ ಎತ್ತಿನ ಗಾಡಿಗಳ ಕಾಲದ್ದು. ಕಲ್ಲಿನ ಸಂದುಗಳಲ್ಲಿ ಜರಿಗಿಡ, ಕೆಳಗೆ ತಿಳಿನೀರು. ಒಂದು ಬದಿಗೆ ಮೊಣಕಾಲೆತ್ತರದ ಗೋಡೆ, ಇನ್ನೊಂದು ಬದಿಗೆ ಗಾಳಿ. ಸೇತುವೆಯ ತಲೆಯಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಕಟ್ಟಿಸಿದವರ ಹೆಸರನ್ನು ಅದರಲ್ಲಿ ಕೊರೆಸಿದ್ದರಂತೆ. ಆದರೆ ಮೆಣಸು ಬಿಡಿಸುವವರು, ಮರದ ಕೊಂಬೆ ಸವರಿ ಮರಗಸಿ ಮಾಡುವವರು, ಕಳೆ ಕೊಚ್ಚುವವರು ನೂರು ವರ್ಷದಿಂದ ಕೆಲಸಕ್ಕೆ ಹೋಗುವಾಗ ಕತ್ತಿಯನ್ನು ಅದರ ಮೇಲೇ ಮಸೆದುಕೊಂಡು ಹೋಗಿ, ಆ ಮಹನೀಯರು ಯಾರೇ ಆಗಿರಲಿ, ಪೂರ್ತಿ ನುಣ್ಣಗಾಗಿದ್ದರು.

"ಯಾರು ಕಟ್ಸಿದ್ದಂತೆ?" ಎಂದು ಗುರುಶಾಂತಪ್ಪ ಕಲ್ಲು ಸವರಿ ಕೇಳಿದರು.

"ನಮ್ ಮುತ್ತಾತ."

ಕಿತ್ತಳೆ ಬಿಡಿಸುತ್ತಿದ್ದ ಜಗದಾಂಬ ಅವರ ಕೈ ಅಲ್ಲೇ ನಿಂತಿತು. ಮಹಾದೇವಯ್ಯನವರ ಕೈ ಹಿಡಿದು ಇಪ್ಪತ್ತೆಂಟು ವರ್ಷ. ಮುತ್ತಾತ ಗೋಣಿಚೀಲ ಹೊಲಿಯುತ್ತಿದ್ದರು ಅನ್ನುವುದು ಬಿಟ್ಟು ಆ ಮನೆಯಲ್ಲಿ ಅವರು ಇನ್ನೇನನ್ನೂ ಕೇಳಿರಲಿಲ್ಲ.

"ಅಪ್ಪಾ," ಎಂದಳು ಪುಷ್ಪಾ.

"ನಿಂಗೇನ್ ಗೊತ್ತು, ನೀನಾಗ ಹುಟ್ಟಿರ್ಲಿಲ್ಲ," ಅಂದರು ಮಹಾದೇವಯ್ಯ. ತಾವೂ ಹುಟ್ಟಿರಲಿಲ್ಲ ಅನ್ನುವುದು ಆ ಭರದಲ್ಲಿ ಮರೆತಿತ್ತು.

ಗುರುಶಾಂತಪ್ಪನವರ ಮುಖದಲ್ಲಿ ಬೆಳಗ್ಗಿನಿಂದ ಕಾಣದ ಒಂದು ಗೌರವ ಮೂಡಿತು. ಮಹೇಶನಿಗೆ ಮೊಬೈಲು ಹಿಡಿಯಲು ಹೇಳಿ, ಬೀಗರ ಹೆಗಲ ಮೇಲೆ ಕೈಹಾಕಿ ನಿಂತರು. "ನಮಸ್ಕಾರ. ನಾವೀಗ ನಮ್ಮ ಬೀಗರ ಮನೆತನದವರು ಕಟ್ಟಿಸಿದ ಐತಿಹಾಸಿಕ ಸೇತುವೆ ಮೇಲಿದ್ದೇವೆ..."

"ಯಾರ್ದು ಅಂದ್ರಿ?"

ತಲೆಯ ಮೇಲೆ ರೇಷನ್ ಅಕ್ಕಿಯ ಚೀಲ ಹೊತ್ತು, ಗೋಡೆಯಿದ್ದ ಕಡೆಯೇ ಅಂಟಿಕೊಂಡು ಬರುತ್ತಿದ್ದ ಹೆಂಗಸು ನಿಂತುಬಿಟ್ಟಿದ್ದರು. ಬೆಟ್ಟಮ್ಮ. ಅರವತ್ತರ ಹತ್ತಿರ. ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿ ಹುಟ್ಟಿ, ಅಲ್ಲೇ ಕಾಫಿ ಕೊಯ್ದು, ಅಲ್ಲೇ ಹಲ್ಲು ಉದುರಿಸಿಕೊಂಡವರು.

"ನಮ್ ಮುತ್ತಾತಂದು ಕಣಮ್ಮ," ಅಂದರು ಮಹಾದೇವಯ್ಯ, ವಿಡಿಯೋಗೆ ಹೊಂದುವ ದನಿಯಲ್ಲಿ.

"ಅಂಗಾದ್ರೆ ಈಗ ನಿಮ್ದು."

"ಮತ್ತೆ?"

"ನಿಮ್ ಬಾಯಾಗೇ ಹೇಳಿ ಯಜಮಾನ್ರೇ. ಈ ಸೇತ್ವೆ ನಂದು ಅಂತ."

ಮಹಾದೇವಯ್ಯ ಬೀಗರ ಕಡೆ ನೋಡಿದರು. ಬೀಗರು ಮೀಸೆಯಡಿ ನಗುತ್ತಿದ್ದರು. "ಈ ಸೇತ್ವೆ ನಂದು," ಅಂದರು.

ಬೆಟ್ಟಮ್ಮ ಅಕ್ಕಿ ಚೀಲವನ್ನು ಸೇತುವೆಯ ನಟ್ಟನಡುವೆ ಇಳಿಸಿದರು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಹೊಳೆಯಾಚೆಗೆ ತಿರುಗಿ, ಕಾಗೆಗಳು ಎದ್ದುಹೋಗುವಂತೆ ಕೂಗಿದರು.

"ಏ ಭೂತಮ್ಮಾ! ಎಲ್ರೂ ಬನ್ರೇ! ಓನರ್ ಸಿಕ್ಬುಟ್ಟ!"

ಐದು ನಿಮಿಷದಲ್ಲಿ ನಲವತ್ತೊಂದು ಮನೆಯೂ ಸೇತುವೆ ಮೇಲಿತ್ತು. ಮಹಾದೇವಯ್ಯ ಕಾರಿನ ಕಡೆ ಎರಡು ಹೆಜ್ಜೆ ಹಿಂದೆ ಸರಿದಿದ್ದರು. ಆದರೆ ಯಾರೂ ಹೊಡೆಯಲಿಲ್ಲ. ಒಬ್ಬರು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಒಬ್ಬರು ಸೇವಂತಿಗೆ ಹೂ ಕೊಟ್ಟರು. ಭೂತಮ್ಮ ಬೆಲ್ಲದ ಕಾಫಿ ತಂದರು. ಗುರುಶಾಂತಪ್ಪನವರು ಲೋಟ ನೋಡಿ, ಲೋಟ ಕೊಟ್ಟ ಕೈ ನೋಡಿ, "ಈಗಷ್ಟೇ ಕುಡುದ್ವಿ," ಅಂದರು. ಅವರು ಕುಡಿದು ನಾಲ್ಕು ಗಂಟೆಯಾಗಿತ್ತು. ಮಹಾದೇವಯ್ಯ ಕುಡಿದರು, ಸೇತುವೆಯ ಮಾಲೀಕರು ಬೇಡ ಅನ್ನುವುದು ಹೇಗೆ? ಜಗದಾಂಬ ಕುಡಿದು, ಚೆನ್ನಾಗಿದೆ ಎಂದು ಇನ್ನರ್ಧ ಲೋಟ ಕೇಳಿದರು.

"ನೋಡಿ ಬೀಗ್ರೇ, ಜನ ಇನ್ನೂ ನೆನಪಿಟ್ಕಂಡವ್ರೆ," ಅಂದರು ಮಹಾದೇವಯ್ಯ.

ಆಗ ಬೆಟ್ಟಮ್ಮ ಮನೆಯಿಂದ ತರಿಸಿದ ಒಂದು ಪ್ಲಾಸ್ಟಿಕ್ ಕವರನ್ನು ಅವರ ತೊಡೆಯ ಮೇಲಿಟ್ಟರು. ಒಳಗೆ ಐದು ಅರ್ಜಿ, ಐದು ಉತ್ತರ.

"ರಸ್ತೆಯೋರು ಇದು ಹೊಳೆ ಮೇಲೈತೆ, ನೀರಿನೋರ್ದು ಅಂದ್ರು. ನೀರಿನೋರು, ನಮ್ದು ನೀರು ಮಾತ್ರ, ಕಲ್ಲಲ್ಲ ಅಂದ್ರು. ಹಳೇ ಕಲ್ಲಿನೋರು, ಇದು ಅಷ್ಟ್ ಹಳೇದಲ್ಲ ಅಂದ್ರು. ಕಾಡಿನೋರು, ಇಲ್ಲಿ ಮರ ಎಲ್ಲೈತೆ ಅಂದ್ರು. ಪಂಚಾಯ್ತಿಯೋರು, ನಮ್ ಪುಸ್ತಕದಾಗಿಲ್ಲ ಅಂದ್ರು. ಅಗೋ, ಆ ಕಡೆ ನನ್ ಗಂಡ ಬಿದ್ದಿದ್ದು. ನನ್ ಮೊಮ್ಮಗಳು ದಿನಾ ಅದ್ರ ಮೇಲೇ ಸ್ಕೂಲಿಗೆ ಹೋಗ್ತದೆ. ನಮ್ಗೆ ಒಂದ್ ಗೋಡೆ ಬೇಕು. ಗೋಡೆ ಕಟ್ಸೋಕೆ ಮೊದ್ಲು, ಇದು ನಂದು ಅನ್ನೋ ಒಬ್ಬ ಗಂಡಸು ಬೇಕಿತ್ತು. ಮೂರ್ ವರ್ಷ ಆದ್ಮೇಲೆ ಬಂದ್ರಿ."

ಮಹಾದೇವಯ್ಯ ಕವರನ್ನು ತೊಡೆಯಿಂದ ಕುರ್ಚಿಯ ಪಕ್ಕಕ್ಕೆ ಇಳಿಸಿದರು. "ನೋಡಣ. ಮಾಡಣ," ಅಂದರು.

"ನೋಡಣ ಅಂದೋರು ಐದ್ ಜನ ಆಗ್ಲೇ ಅವ್ರೆ. ನಾಳಿಕೆ ಹತ್ ಗಂಟೆಗೆ ಪಂಚಾಯ್ತಿಗೆ ಬನ್ನಿ."

"ಬತ್ತಾರೆ!" ಅಂದರು ಗುರುಶಾಂತಪ್ಪ, ಬೀಗರ ಬೆನ್ನು ತಟ್ಟಿ. "ನಾನೂ ಬತ್ತೀನಿ. ತಿಪಟೂರಿಗೆ ನಾಡಿದ್ದು ಹೋದ್ರಾಯ್ತು."

*

ಪಂಚಾಯಿತಿಯ ಪಿಡಿಒ ರವಿಚಂದ್ರ ಅವರನ್ನು ಅಷ್ಟು ಸಂತೋಷದಲ್ಲಿ ಯಾರೂ ಹಿಂದೆಂದೂ ಕಂಡಿರಲಿಲ್ಲ. ಕುರ್ಚಿಯಿಂದ ಎದ್ದು ಬಂದು ಮಹಾದೇವಯ್ಯನವರ ಎರಡೂ ಕೈ ಹಿಡಿದುಕೊಂಡರು.

"ಎಲ್ಲಿದ್ರಿ ಮಾರಾಯ್ರೇ ಇಷ್ಟು ದಿವ್ಸ! ಜನಸ್ಪಂದನ, ಸಹಾಯವಾಣಿ, ಮಾಹಿತಿ ಹಕ್ಕು, ಎಲ್ಲಾ ಕಡೆ ನಿಮ್ಮದೇ ಸೇತುವೆ. ತಿಂಗಳಿಗೆ ನಾಲ್ಕು ಉತ್ತರ ಬರೀತಿದ್ದೆ."

ಮಹಾದೇವಯ್ಯ ರಾತ್ರಿಯೆಲ್ಲ ಹೊರಳಾಡಿ ಒಂದು ಉಪಾಯ ಹೂಡಿಕೊಂಡು ಬಂದಿದ್ದರು. "ಆದ್ರೆ ಸಾರ್, ನನ್ ಹತ್ರ ಒಂದೇ ಒಂದು ದಾಖಲೆ ಇಲ್ಲ," ಅಂದರು, ಮುಖ ಸಪ್ಪಗೆ ಮಾಡಿಕೊಂಡು.

"ಒಳ್ಳೇದೇ ಆಯ್ತು. ದಾಖಲೆ ಇದ್ರೆ ಪರಿಶೀಲನೆ ಮಾಡ್ಬೇಕು. ಸ್ವಯಂ ಘೋಷಣೆ ಸಾಕು. ವಿಡಿಯೋ ಬೇರೆ ಐತಲ್ಲ."

ವಿಡಿಯೋ ಅಷ್ಟು ಹೊತ್ತಿಗೆ ಪಂಚಾಯಿತಿಯ ಕಸದ ಗಾಡಿಯ ಚಾಲಕನ ಮೊಬೈಲಿಗೂ ಬಂದಿತ್ತು. ಮಹಾದೇವಯ್ಯ ಬೀಗರ ಕಡೆ ಓರೆಗಣ್ಣಲ್ಲಿ ನೋಡಿದರು. ಬೀಗರು ಪಂಚಾಯಿತಿಯ ಗೋಡೆಗೆ ಒರಗಿ, ತಮ್ಮ ಮನೆಗೇ ಖಾತೆಯಾಗುತ್ತಿದೆ ಎಂಬಂತೆ ನಿಂತಿದ್ದರು. ಕಂಪ್ಯೂಟರಿನ ಮಧುಶ್ರೀ ಇ-ಸ್ವತ್ತಿನ ಅರ್ಜಿ ತೆರೆದಳು.

"ಚೆಕ್ಕುಬಂದಿ ಹೇಳಿ ಸಾರ್."

ರವಿಚಂದ್ರರೇ ಹೇಳಿದರು. "ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ರಸ್ತೆ. ಉತ್ತರಕ್ಕೆ ಹೊಳೆ. ದಕ್ಷಿಣಕ್ಕೆ ಅದೇ ಹೊಳೆ."

"ಎಷ್ಟು ಅಂತಸ್ತು?"

"ಒಂದೂ ಇಲ್ಲಮ್ಮ," ಅಂದರು ಮಹಾದೇವಯ್ಯ ಆಸೆಯಿಂದ.

"ಸೊನ್ನೆ ತಗೋತಿಲ್ಲ ಸಾರ್."

"ಮೂರು ಕಮಾನು ಐತಲ್ಲ, ಮೂರು ಅಂತ ಹಾಕು. ಮುಂದಕ್ಕೆ ಹೋಗು."

"ಛಾವಣಿ? ಹೆಂಚಾ, ಶೀಟಾ, ಆರ್‌ಸಿಸಿನಾ?"

"ಶೀಟು ಹಾಕು. ಮೋಡ ಇದ್ದಾಗ ಹಂಗೇ ಕಾಣ್ತದೆ."

"ಶೌಚಾಲಯ?"

"ಏನಮ್ಮಾ, ನಮ್ ಬೀಗರ ಮುತ್ತಾತನ ಮರ್ಯಾದೆ ಪ್ರಶ್ನೆ ಇದು!" ಅಂದರು ಗುರುಶಾಂತಪ್ಪ.

"ಕೇಳ್ತದೆ ಸಾರ್, ನಾನೇನ್ ಮಾಡ್ಲಿ. ನೀರಿನ ಸಂಪರ್ಕ?"

ಬಾಗಿಲಲ್ಲಿ ನಿಂತಿದ್ದ ಬೆಟ್ಟಮ್ಮ ಅಲ್ಲಿಂದಲೇ ಅಂದರು, "ಐತೆ ಕಣವ್ವ. ಮಳೆಗಾಲ್ದಾಗೆ ಕುತ್ಗೆ ಮಟ್ಟ."

ನಲವತ್ತು ನಿಮಿಷದಲ್ಲಿ ಖಾತೆ ಪ್ರಿಂಟಾಗಿ ಹೊರಗೆ ಬಂತು. ಸೇತುವೆಯ ಫೋಟೋ, ಅದರ ಮುಂದೆ ಹೂ ಹಿಡಿದ ಮಹಾದೇವಯ್ಯನವರ ಫೋಟೋ, ಕೆಳಗೆ ಸ್ವತ್ತಿನ ಸಂಖ್ಯೆ. ಬೆಟ್ಟಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾಕ್ ಸಾರ್, ನಮ್ ನಲವತ್ತೊಂದು ಮನೆಗೆ ಖಾತೆ ಕೊಡಿ ಅಂತ ನಮ್ಮಪ್ಪನ ಕಾಲದಿಂದ ಕೇಳ್ತಾ ಇದೀವಿ. ಜನ ಇರೋ ಮನೆಗೆ ಆಗ್ದೆ ಇದ್ದುದ್ದು, ಯಾರೂ ಇಲ್ದೆ ಇರೋ ಸೇತ್ವೆಗೆ ಹೆಂಗಾಯ್ತು?"

"ಅದೇ ಅನುಕೂಲ ನೋಡಿ ಬೆಟ್ಟಮ್ಮ," ಅಂದರು ರವಿಚಂದ್ರ, ಬಹಳ ಸಮಾಧಾನದಿಂದ. "ಜನ ಇದ್ರೇ ತೊಂದರೆ."

ಖಾತೆಯ ಹಿಂದೆಯೇ ಪಿನ್ ಹೊಡೆದು ಇನ್ನೊಂದು ಹಾಳೆಯಿತ್ತು. ಮಹಾದೇವಯ್ಯ ಅದನ್ನು ಸನ್ಮಾನ ಪತ್ರ ಎಂದುಕೊಂಡು ಬೀಗರಿಗೆ ಓದಲು ಕೊಟ್ಟರು. ಗುರುಶಾಂತಪ್ಪ ಗಟ್ಟಿಯಾಗಿ ಓದಿದರು. "ತಮ್ಮ ಮಾಲೀಕತ್ವದ ಸದರಿ ಸ್ವತ್ತು ಶಿಥಿಲಗೊಂಡು ಸಾರ್ವಜನಿಕರ ಪ್ರಾಣಕ್ಕೆ ಅಪಾಯಕಾರಿಯಾಗಿದ್ದು, ಹದಿನೈದು ದಿನದೊಳಗೆ ದುರಸ್ತಿ ಮಾಡಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಅನಾಹುತಗಳಿಗೆಲ್ಲ ತಾವೇ ಹೊಣೆ."

ಓದಿ ಮುಗಿಸಿ, "ಭಾಷೆ ಚೆನ್ನಾಗೈತೆ," ಅಂದರು.

*

ಬಾಳ್ಳುಪೇಟೆಯಲ್ಲಿ ಸುದ್ದಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಇಳಿಯಿತು. ಕಂಡಕ್ಟರುಗಳು ಅಂಗಡಿ ಮುಂದೆ ಬಸ್ಸು ನಿಧಾನಿಸಿ, "ಓನರ್ರೇ, ಹೆದ್ದಾರಿಲಿ ಗುಂಡಿ ಬಿದ್ದೈತೆ, ಅದ್ನೂ ಸ್ವಲ್ಪ ನೋಡಿ," ಎಂದು ಕೂಗಿ ಹೋಗುತ್ತಿದ್ದರು. ಲಾರಿಯವರು ಹಗ್ಗ ಕೊಳ್ಳಲು ಬಂದು, ಶಿರಾಡಿ ಘಾಟಿ ಯಾವಾಗ ಕೊಂಡುಕೊಳ್ತೀರಿ ಎಂದು ಕೇಳುತ್ತಿದ್ದರು. ಮೂರನೇ ದಿನ ಮಹಾದೇವಯ್ಯನವರ ದೊಡ್ಡಪ್ಪನ ಮಗ ಕುಮಾರ್, ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದವನು, ವಂಶವೃಕ್ಷದ ನಕಲು ಹಿಡಿದು ಅಂಗಡಿಗೆ ಬಂದ.

"ಮುತ್ತಾತ ನಿಂಗೊಬ್ಬನಿಗೇ ಮುತ್ತಾತನಾ?" ಅಂದ.

"ಕೂತ್ಕೋ ಕುಮಾರ. ನೀರು ಕುಡಿ."

"ನೀರು ಆಮೇಲೆ. ನೀನು, ನಾನು, ನಮ್ಮಣ್ಣ, ಮೂರು ಜನ ದಾಯಾದಿಗಳು. ಮೂರು ಕಮಾನು. ಆ ಕಾಲದಲ್ಲೇ ಹಿರಿಯರು ಲೆಕ್ಕ ಹಾಕೇ ಕಟ್ಸವ್ರೆ. ನಂಗೆ ನಡು ಕಮಾನು ಕೊಡು, ಅಲ್ಲಿ ಮೀನೈತೆ."

"ನಿನ್ ಆಣೆಗೂ ಅದು ನಮ್ದಲ್ಲ ಕಣೋ!"

"ಪಿತ್ರಾರ್ಜಿತ ನುಂಗೋರೆಲ್ಲ ಹಿಂಗೇ ಅನ್ನದು," ಎಂದು ಕುಮಾರ್ ವಕೀಲರನ್ನು ನೋಡಲು ಸಕಲೇಶಪುರದ ಬಸ್ಸು ಹತ್ತಿದ.

ಇವೆಲ್ಲಕ್ಕಿಂತ ಕಷ್ಟದ್ದು ಬೆಟ್ಟಮ್ಮ. ಅವರು ಪ್ರತಿದಿನ ಬೆಳಗಿನ ಮೊದಲ ಬಸ್ಸಿಗೆ ಬಂದು, ಅಂಗಡಿಯ ಶಟರ್ ಎತ್ತುವ ಹೊತ್ತಿಗೆ ಸರಿಯಾಗಿ ಒಳಗೆ ಬಂದು, ಗೋಣಿಚೀಲದ ಅಟ್ಟಿಯ ಮೇಲೆ ಕೂರುತ್ತಿದ್ದರು. ಜಗಳವಿಲ್ಲ, ಬೈಗುಳವಿಲ್ಲ.

"ಗೋಡೆ ಎಲ್ಲೀಗಂಟ ಬಂತು ಯಜಮಾನ್ರೇ?"

"ವಿಚಾರ ಮಾಡ್ತಾ ಇದೀನಮ್ಮ."

"ಮಾಡಿ ಮಾಡಿ." ಹನ್ನೊಂದು ಗಂಟೆಯ ಬಸ್ಸಿನವರೆಗೂ ಕೂತು ಎದ್ದುಹೋಗುವರು. ಅಷ್ಟರಲ್ಲಿ ಬಂದ ಗಿರಾಕಿಗಳಿಗೆ ತಾವೇ ಟಾರ್ಪಾಲು ಬಿಚ್ಚಿ ತೋರಿಸುವರು. ನಾಲ್ಕನೇ ದಿನದಿಂದ ಜಗದಾಂಬ ಅವರಿಗೂ ಸೇರಿಸಿ ತಿಂಡಿ ಮಾಡತೊಡಗಿದರು. ಏಳನೇ ದಿನ ಅಕ್ಕಿರೊಟ್ಟಿ ಮುರಿಯುತ್ತ ಬೆಟ್ಟಮ್ಮ, "ಗೋಡೆ ಬುಡಿ, ಒಂದ್ ಹಗ್ಗ ಇದ್ದಿದ್ರೂ ನಮ್ಮೆಜಮಾನ್ರು ಹಿಡ್ಕತಿದ್ರು," ಅಂದರು. ಅಂದದ್ದು ಮಹಾದೇವಯ್ಯನವರಿಗಲ್ಲ, ರೊಟ್ಟಿಗೆ. ಅಂಗಡಿಯ ತುಂಬ, ನೆಲದಿಂದ ಸೂರಿನವರೆಗೆ, ಹಗ್ಗದ ಸುರುಳಿಗಳಿದ್ದವು.

ಜಗದಾಂಬ ಗಂಡನ ಕಡೆ ನೋಡಿದರು. ಏನೂ ಅನ್ನಲಿಲ್ಲ. ಆ ಮನೆಯಲ್ಲಿ ಅವರು ಏನೂ ಅನ್ನದೆ ಇದ್ದ ಹೊತ್ತುಗಳು ಬಹಳ ಕಡಿಮೆ, ಮಹಾದೇವಯ್ಯ ಅಂಥವಕ್ಕೆ ಹೆದರುತ್ತಿದ್ದರು.

ಎಂಟನೇ ದಿನ ಒಂದು ಗೂಡ್ಸ್ ಆಟೋ ಹಾಲೆಗದ್ದೆಗೆ ಹೋಯಿತು. ಹೊಳೆಯಾಚೆಯವರು ಸಿಲ್ವರ್ ಓಕ್ ಮರದ ಗೂಟ ಕಡಿದು ತಂದರು. ಗೋಡೆ ಹೋದ ಉದ್ದಕ್ಕೂ ಕಲ್ಲಿನ ಸಂದುಗಳಲ್ಲಿ ಗೂಟ ನೆಟ್ಟು, ನಾಲ್ಕು ಸಾಲು ಹಗ್ಗ ಬಿಗಿದು, ಅದಕ್ಕೆ ನೀಲಿ ಟಾರ್ಪಾಲು ಎಳೆದು ಕಟ್ಟಿದರು. ಮಹಾದೇವಯ್ಯನವರೇ ನಿಂತು ಗಂಟು ಹಾಕಿಸಿದರು. "ಹಂಗಲ್ಲ ಕಣೋ, ಲಾರಿ ಗಂಟು ಹಾಕು, ಲಾರಿ ಗಂಟು!" ಎಂದು ಅವರು ಕೂಗಿದ್ದು ಎಸ್ಟೇಟಿನ ಸ್ಟೋರಿನವರೆಗೂ ಕೇಳಿತಂತೆ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟ ಮಕ್ಕಳು, ಗೋಡೆ ಹೋದ ಮೇಲೆ ಮೊದಲ ಸಲ, ಸೇತುವೆಯ ಎಡಗಡೆಯಿಂದ ಓಡಿಹೋದರು.

ಮೂರು ವರ್ಷ ಯಾವ ಕಾಗದಕ್ಕೂ ಅಲುಗದಿದ್ದ ಸರ್ಕಾರಿ ಯಂತ್ರ ಈ ಹಗ್ಗಕ್ಕೆ ಎಚ್ಚರಗೊಂಡಿತು. ಹತ್ತನೇ ದಿನ ಮಹಾದೇವಯ್ಯನವರಿಗೆ ಎರಡನೇ ನೋಟಿಸು ಬಂತು. ಅನುಮತಿಯಿಲ್ಲದೆ ಸ್ವತ್ತಿನ ಸ್ವರೂಪ ಬದಲಾಯಿಸಿದ್ದೇಕೆ? ನಕ್ಷೆ ಮಂಜೂರಾತಿ ಎಲ್ಲಿ? ನೀಲಿ ಬಣ್ಣಕ್ಕೆ ಒಪ್ಪಿಗೆ ಕೊಟ್ಟವರು ಯಾರು?

*

ಹದಿನಾರನೇ ದಿನ ಬೆಳಗ್ಗೆ ರಸ್ತೆ ಇಲಾಖೆಯ ಎಂಜಿನಿಯರ್ ಮೋಹನ್ ಒಂದು ಜೆಸಿಬಿ ಜೊತೆ ಸೇತುವೆಗೆ ಬಂದರು. ಪಿಡಿಒ ರವಿಚಂದ್ರ ಫೈಲು ಹಿಡಿದು ಹಿಂದೆ ನಿಂತಿದ್ದರು. ಮಹಾದೇವಯ್ಯನವರನ್ನು ಸಂಸಾರ ಸಮೇತ ಕರೆಸಿದ್ದರು. ತನ್ನ ಕಮಾನು ನೋಡಿಕೊಳ್ಳಲು ಕುಮಾರ್ ತಾನಾಗಿ ಬಂದಿದ್ದ. ಹೊಳೆಯಾಚೆಯವರು ಕೆಲಸ ಬಿಟ್ಟು ಬಂದಿದ್ದರು. ಇದು ಸಾಲದೆಂಬಂತೆ ಒಂದು ಟೆಂಪೋ ಟ್ರಾವೆಲರ್ ಬಂದು ನಿಂತು, ಅದರಿಂದ ಗುರುಶಾಂತಪ್ಪ, ಮಹೇಶ್, ಮತ್ತು ತಿಪಟೂರಿನ ಒಂಬತ್ತು ಜನ ನೆಂಟರು ಇಳಿದರು. ಬೀಗರ ಸೇತುವೆ ತೋರಿಸಲು ಗುರುಶಾಂತಪ್ಪನವರೇ ಪ್ರವಾಸ ಹೊರಡಿಸಿಕೊಂಡು ಬಂದಿದ್ದರು.

"ಉದ್ಘಾಟನೆನಾ?" ಎಂದರು ಜೆಸಿಬಿ ನೋಡಿ.

"ತೆರವು," ಅಂದರು ಮೋಹನ್. ಮೃದು ಮಾತಿನ ಮನುಷ್ಯ. "ದೂರು ಬಹಳ ಹಳೇದು. ಸೇತುವೆ ಮೇಲಿಂದ ಜನ ಬೀಳ್ತಾರೆ ಅಂತ. ನಾವು ವೈಜ್ಞಾನಿಕವಾಗಿ ನೋಡಿದ್ವಿ. ಸೇತುವೆ ಇದ್ರೆ ತಾನೇ ಬೀಳೋದು? ಖಾತೆದಾರರು ಇಲ್ಲೊಂದು ಒಪ್ಪಿಗೆ ಸಹಿ ಹಾಕಿದ್ರೆ ಸಂಜೆಯೊಳಗೆ ಮುಗಿಸ್ತೀವಿ."

"ನಮ್ ಮಕ್ಳು ಸ್ಕೂಲಿಗೆ ಹೆಂಗ್ ಹೋಗ್ಬೇಕು ಸಾರ್?" ಅಂದರು ಬೆಟ್ಟಮ್ಮ.

"ಎಸ್ಟೇಟ್ ಸುತ್ತಿಕೊಂಡು ದಾರಿ ಐತಲ್ಲಮ್ಮ. ಹನ್ನೊಂದೇ ಕಿಲೋಮೀಟರು. ತಾತ್ಕಾಲಿಕ."

"ಎಷ್ಟ್ ದಿನದ್ ತಾತ್ಕಾಲಿಕ?"

"ಹೊಸ ಸೇತುವೆಗೆ ಪ್ರಸ್ತಾವನೆ ಹೋಗ್ಬೇಕು. ಅದಕ್ಕೆ ಮೊದಲು ಪ್ರಸ್ತಾವನೆ ಯಾರು ಕಳಿಸ್ಬೇಕು ಅನ್ನೋದು ತೀರ್ಮಾನ ಆಗ್ಬೇಕು."

ಮಹಾದೇವಯ್ಯ ಕಾಗದ ನೋಡಿದರು, ಜೆಸಿಬಿ ನೋಡಿದರು, ತಿಪಟೂರಿನ ಒಂಬತ್ತು ಮುಖ ನೋಡಿದರು. ಆಮೇಲೆ, ಜೀವಮಾನದಲ್ಲಿ ಮೊದಲ ಸಲ, ಆಡಿದ ಸುಳ್ಳೊಂದನ್ನು ಎಲ್ಲರೆದುರು ನೆಲಕ್ಕೆ ಇಳಿಸಿದರು.

"ಸಾರ್, ನನ್ ಸಹಿಗೆ ಬೆಲೆನೇ ಇಲ್ಲ. ಇದು ನಂದಲ್ಲ. ನಮ್ ಮುತ್ತಾತ ಗೋಣಿಚೀಲ ಹೊಲೀತಿದ್ದ. ಸೇತ್ವೆ ಕಟ್ಸೋದಿರ್ಲಿ, ಈ ಕಡೆ ಬಂದೂ ಇರ್ಲಿಲ್ಲ. ಬೀಗ್ರು ಕೆರೆ ಬಾವಿ ಅಂತಿದ್ರು, ತಡೀಲಾರ್ದೆ ಹೇಳ್ಬುಟ್ಟೆ. ಜೆಸಿಬಿ ವಾಪಸ್ ಕಳ್ಸಿ."

ಜಗದಾಂಬ ದೀರ್ಘವಾಗಿ ಉಸಿರು ಬಿಟ್ಟರು. ಒಂಬತ್ತು ನೆಂಟರೂ ಒಟ್ಟಿಗೇ ಗುರುಶಾಂತಪ್ಪನವರ ಕಡೆ ತಿರುಗಿದರು. ಅವರಲ್ಲಿ ಒಬ್ಬ ಅಜ್ಜ, "ಅಲ್ಲ ಶಾಂತಣ್ಣ, ನೀನ್ಯಾವ ಕೆರೆ ಹೇಳ್ದೆ ಇವ್ರಿಗೆ?" ಎಂದು ಕುತೂಹಲದಿಂದ ಕೇಳಿದರು. ಗುರುಶಾಂತಪ್ಪನವರು ಜರಿಗಿಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮೋಹನ್ ಮಾತ್ರ ಒಂದಿಷ್ಟೂ ಬೇಸರಪಡಲಿಲ್ಲ. "ಇನ್ನೂ ಸಲೀಸಾಯ್ತು," ಎಂದು ಬೇರೊಂದು ಬಿಳಿ ಹಾಳೆ ತೆಗೆದರು. "ಖಾತೆದಾರರು ಇದ್ದರೆ ನಾಳೆ ತಕರಾರು, ಕೋರ್ಟು. ಯಾರೂ ಇಲ್ಲ ಅಂದ್ರೆ ಯಾರ ತಕರಾರೂ ಇಲ್ಲ. ಸದರಿ ಸೇತುವೆ ನನ್ನದಲ್ಲ ಅಂತ ಒಂದು ಸಾಲು ಬರೆದುಕೊಡಿ. ಖಾತೆ ರದ್ದು, ನೋಟಿಸು ರದ್ದು, ನೀವು ಮನೆಗೆ ಹೋಗಿ. ನಾವು ಕೆಲಸ ಶುರು ಮಾಡ್ತೀವಿ."

"ನಂದೂ ಅಲ್ಲ ಸಾರ್, ನಂದೂ ಅಲ್ಲ," ಎಂದು ಕುಮಾರ್ ಮುಂದೆ ಬಂದು, ಯಾರೂ ಕೇಳದಿದ್ದರೂ, ನಡು ಕಮಾನು ತನ್ನದಲ್ಲವೆಂದು ಬರೆದು ಸಹಿ ಹಾಕಿ, ಅಣ್ಣನ ಪರವಾಗಿಯೂ ಹಾಕಿದ.

ಎಲ್ಲರಿಗೂ ಒಮ್ಮೆಲೇ ಮಾತು ಬಂತು. "ಬರೀರಿ ಮಾರಾಯ್ರೇ, ನನ್ ಫೈಲು ಕ್ಲೋಸ್ ಆಗ್ತದೆ," ಅಂದರು ರವಿಚಂದ್ರ. "ಬರ್ಕೊಟ್ಟು ಬನ್ನಿ," ಅಂದರು ಗುರುಶಾಂತಪ್ಪ, ಜರಿಗಿಡದಿಂದ ಕಣ್ಣು ತೆಗೆಯದೆ. "ಹೋದ ಮರ್ಯಾದೆ ಹೋಯ್ತು. ನೀವು ಬರ್ಕೊಟ್ರೆ ನಿಶ್ಚಿತಾರ್ಥದ ಮಾತು ಮುಂದುವರಿಸಣ. ಕೋರ್ಟು ಕಚೇರಿ ಇರೋ ಮನೆ ಸಂಬಂಧ ನಮಗೆ ಬೇಡ."

"ನಂದು ಮಹೇಶಂದು ನಾವ್ ಮಾತಾಡ್ಕೋತೀವಿ ಅಪ್ಪಾ," ಅಂದಳು ಪುಷ್ಪಾ. "ನೀವು ನಿಮ್ದು ನೋಡ್ಕೊಳ್ಳಿ." ಮಹೇಶ್ ಹೌದೆಂದು ತಲೆಯಾಡಿಸಿದ. ತನ್ನಪ್ಪ ನೋಡಲಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೊಮ್ಮೆ ಆಡಿಸಿದ.

ಮಹಾದೇವಯ್ಯ ಬೆಟ್ಟಮ್ಮನ ಕಡೆ ನೋಡಿದರು. ಅವರು ಬೈಯುತ್ತಾರೆ, ಅಳುತ್ತಾರೆ, ಕಾಲು ಹಿಡಿಯುತ್ತಾರೆ ಎಂದು ಎಲ್ಲರೂ ಕಾದರು.

"ನಿಂದಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು," ಅಂದರು ಬೆಟ್ಟಮ್ಮ. "ನಮ್ಮವ್ವನ ಅವ್ವ ಇದ್ಕೆ ಗಾರೆ ಹೊತ್ತೋಳು. ಕಟ್ಸಿದೋನು ಯಾರೋ ದೊರೆ ಅಂತಿದ್ಲು. ಆದ್ರೂ ಬಾಯ್ ಬುಟ್ಟು ನಂದು ಅಂದೋನು ನೀನೊಬ್ನೇ ಅಲ್ವಾ ಅಂತ ಸುಮ್ಕಾದೆ. ಬರ್ಯಂಗಿದ್ರೆ ಬರಿಯಪ್ಪ. ನಾನೇನೂ ಅನ್ನಲ್ಲ."

ಮೋಹನ್ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ಜೆಸಿಬಿಯವನು ಎಂಜಿನ್ ಶುರು ಮಾಡಿದ. ಆಚೆ ದಡದಲ್ಲಿ ಚೀಲ ಬೆನ್ನಿಗೆ ಹಾಕಿಕೊಂಡ ಒಂದು ಹುಡುಗಿ, ಬೆಟ್ಟಮ್ಮನ ಮೊಮ್ಮಗಳು, ಇಷ್ಟು ದೊಡ್ಡವರು ದಾರಿಗೆ ಅಡ್ಡ ನಿಂತಿರುವುದೇಕೆಂದು ತಿಳಿಯದೆ, ದಾಟಬಹುದೇ ಎಂದು ಕೈಸನ್ನೆಯಲ್ಲಿ ಕೇಳಿತು.

ಮಹಾದೇವಯ್ಯ ಕೈಯಲ್ಲಿದ್ದ ಪೆನ್ನನ್ನು ಎಂಜಿನಿಯರ ಕಡೆಗೆ ಚಾಚಿದರು.

"ತಗೊಳ್ಳಿ ಸಾರ್. ಇದು ನಮ್ಮ ಇಲಾಖೇದು ಅಂತ ನೀವು ಬರೀರಿ. ಬರೆದು ಸಹಿ ಹಾಕಿ, ಆಮೇಲೆ ಒಡೀರಿ. ನಾನು ಅಡ್ಡ ಬರಲ್ಲ."

ಮೋಹನ್ ಪೆನ್ನು ನೋಡಿದರು. ರವಿಚಂದ್ರರನ್ನು ನೋಡಿದರು. ರವಿಚಂದ್ರ ಫೈಲನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಕೈ ಖಾಲಿಯಿಲ್ಲ ಎಂಬಂತೆ ನಿಂತರು. ಮೋಹನರ ಕೈಗಳು ಬೆನ್ನ ಹಿಂದೆ ಹೋದವು.

"ತಮಾಷೆ ಸಾಕು. ನೀವು ಬರೆದುಕೊಡದೆ ನಾವು ಒಂದು ಕಲ್ಲೂ ಮುಟ್ಟೋ ಹಾಗಿಲ್ಲ. ಬರೀರಿ ಮಹಾದೇವಯ್ಯ. ನನ್ನದಲ್ಲ ಅಂತ."

"ಬರಿಯಲ್ಲ," ಅಂದರು ಮಹಾದೇವಯ್ಯ.